ಅಣ್ಣನ ಗಾಡಿಯಲ್ಲಿ ಈರುಳ್ಳಿ ಮೂಟೆ

ಕೆಡಲು ಶುರುವಾದದ್ದು ಬೆಳಗಿನ ಜಾವ ನಾಲ್ಕೂವರೆಗೆ. ಸೇತುವೆಯ ಮೇಲೆ ಗಾಡಿ ಮಗುಚಿದ ಹೊತ್ತನ್ನು ಟ್ರಾಫಿಕ್ ಪೊಲೀಸ್ ಬರೆದುಕೊಂಡರು, ಮನೆಯಲ್ಲಿ ಎಲ್ಲರೂ ಆ ಹೊತ್ತನ್ನೇ ಹೇಳುತ್ತಾರೆ. ಆದರೆ ನನ್ನ ಲೆಕ್ಕದಲ್ಲಿ ಕೆಟ್ಟ ಹೊತ್ತೆಂದರೆ ಅದಕ್ಕೂ ಒಂದು ತಿಂಗಳ ಹಿಂದಿನ ಆ ನಾಲ್ಕೂವರೆಯೇ. ಆಗ ಎಚ್ಚರವಿದ್ದವರು ಅಪ್ಪ, ತಮ್ಮ ಮತ್ತು ನಾನು. ಅಣ್ಣ ನಿದ್ದೆಯಲ್ಲಿದ್ದ. ಅವನ ಸ್ಕೂಟರಿನ ಕೀಲಿಯನ್ನು ಮೊಳೆಯಿಂದ ತೆಗೆದು ತಮ್ಮನ ಕೈಗೆ ಕೊಟ್ಟವಳು ನಾನು.

ಮದ್ರಾಸಿನ ಪೆರಂಬೂರಿನಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲು. ಉಡುಪಿ ಕಡೆಯಿಂದ ಬಂದ ಅಜ್ಜ ಶುರು ಮಾಡಿದ್ದು. ಕೆಳಗೆ ಹೋಟೆಲು, ಮೇಲೆ ಮನೆ. ಅಣ್ಣನಿಗೆ ಎರಡು ವರ್ಷವಾಗಿದ್ದಾಗ ಪೋಲಿಯೊ ಬಂದು ಎರಡೂ ಕಾಲಿನ ಬಲ ಹೋಯಿತು. ಕಾಲಿಗೆ ಕಬ್ಬಿಣದ ಪಟ್ಟಿ, ಕಂಕುಳಲ್ಲಿ ಎರಡು ಊರುಗೋಲು. ಬಿ.ಕಾಂ. ಮುಗಿಸಿದ ಮೇಲೆ ಅವನು ಹೋಟೆಲಿನ ಕ್ಯಾಶಿನಲ್ಲಿ ಕೂತ. ಬೆಳಿಗ್ಗೆ ಯಾರಾದರೂ ಅವನನ್ನು ಹಿಡಿದು ಮೆಟ್ಟಿಲು ಇಳಿಸಬೇಕು, ರಾತ್ರಿ ಹತ್ತಿಸಬೇಕು. ನಡುವಿನ ಹೊತ್ತಿನಲ್ಲಿ ಅವನು ನೋಡಿದ ಮದ್ರಾಸು ಎಂದರೆ ಕ್ಯಾಶಿನ ಎದುರಿಗಿದ್ದ ಬಸ್ ಸ್ಟಾಪು ಮಾತ್ರ.

ಅವನಂಥವರಿಗೆ ಸರ್ಕಾರ ಉಚಿತವಾಗಿ ಸ್ಕೂಟರು ಕೊಡುತ್ತದೆ ಎಂದು ಗೊತ್ತಾದದ್ದು ನನ್ನ ಆಫೀಸಿನಲ್ಲಿ. ಹಿಂದಿನ ಚಕ್ರದ ಎಡಕ್ಕೂ ಬಲಕ್ಕೂ ಇನ್ನೊಂದೊಂದು ಸಣ್ಣ ಚಕ್ರ ಕೂರಿಸಿರುತ್ತಾರೆ. ಕಾಲು ಊರಬೇಕಾಗಿಲ್ಲ, ಎಲ್ಲವೂ ಕೈಯಲ್ಲೇ. ಅರ್ಜಿ ತುಂಬಿದವಳು ನಾನು. ಗಾಡಿಯನ್ನು ಮಾರಬಾರದು, ಬೇರೆಯವರ ಬಳಕೆಗೆ ಕೊಡಬಾರದು ಎಂಬ ತಮಿಳು ಸಾಲುಗಳನ್ನು ಅಣ್ಣನಿಗೆ ಗಟ್ಟಿಯಾಗಿ ಓದಿ ಹೇಳಿದವಳೂ ನಾನೇ. ಅವನು ದುಡಿಯುತ್ತಾನೆ ಎಂದು ಅಪ್ಪ ಒಂದು ಪತ್ರ ಕೊಡಬೇಕಿತ್ತು. ಅಪ್ಪ ವಾರಗಟ್ಟಲೆ ಸಹಿ ಹಾಕಲಿಲ್ಲ.

“ಊರಿಗೆಲ್ಲ ಊಟ ಹಾಕುವ ಮನೆ ನಮ್ಮದು. ಈ ಧರ್ಮದ ಗಾಡಿ ಎಂತಕ್ಕೆ?” ಎಂದರು.

ಅಮ್ಮ ಎರಡು ದಿನ ಅವರಿಗೆ ಮಾತಿಲ್ಲದೆ ಕಾಫಿ ಕೊಟ್ಟಳು. ಮೂರನೆಯ ದಿನ ಸಹಿ ಬಿತ್ತು. ಗಾಡಿ ಹಂಚುವ ದಿನ ಅಪ್ಪ ಬರಲಿಲ್ಲ. ಗಾಡಿ ಮನೆಗೆ ಬಂದಾಗ ಅದರ ಮುಂಭಾಗದಲ್ಲಿದ್ದ ಸರ್ಕಾರದ ಚಿಹ್ನೆಯ ಮೇಲೆ ದೊಡ್ಡದೊಂದು ಗಣಪತಿ ಸ್ಟಿಕ್ಕರ್ ಅಂಟಿಸಿದರು. ನಾವು ನಕ್ಕೆವು, ಅಣ್ಣನೂ ನಕ್ಕ.

ಆರು ತಿಂಗಳಲ್ಲಿ ಅಣ್ಣ ಬೇರೆ ಮನುಷ್ಯನಾದ. ನುಂಗಂಬಾಕ್ಕಂನಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನ್ನಿಗೆ ತಾನೇ ಹೋಗಿ ಕೇಳಿ ಕೆಲಸ ಹಿಡಿದ. ನನ್ನ ಆಫೀಸು ಅಲ್ಲಿಂದ ಎರಡು ಬೀದಿ ಆಚೆ. ದಿನಾ ಬೆಳಿಗ್ಗೆ ನಾನು ಅವನ ಹಿಂದೆ ಕೂರುತ್ತಿದ್ದೆ. “ಟಿಕೆಟ್ ತೆಗೊಂಡಿದ್ದೀಯಾ?” ಎಂದು ಕೇಳದೆ ಅವನು ಗಾಡಿ ಬಿಟ್ಟದ್ದಿಲ್ಲ. ಕ್ಲಿನಿಕ್ಕಿನ ಮುಂದೆ ಇಳಿದು ಊರುಗೋಲು ಸರಿಮಾಡಿಕೊಂಡು ಒಳಗೆ ಹೋಗುವಾಗ ಅವನು ಹಿಂತಿರುಗಿ ನೋಡುತ್ತಿರಲಿಲ್ಲ. ಅದು ನನಗೆ ಬಹಳ ಸಂತೋಷ ಕೊಡುತ್ತಿತ್ತು.

ಆಗಲೇ ಕೋಯಂಬೇಡು ಮಾರುಕಟ್ಟೆಯಿಂದ ನಮಗೆ ತರಕಾರಿ ತರುತ್ತಿದ್ದ ಲೋಡ್ ಆಟೋದವನು ಮನೆ ಕಟ್ಟಿಸಲೆಂದು ತನ್ನ ಊರಿಗೆ ಹೋದ. ಸಿಕ್ಕ ಬೇರೆ ಆಟೋಗಳು ಹೊತ್ತಿಗೆ ಬರುತ್ತಿರಲಿಲ್ಲ. ಹೋಟೆಲಿನ ಖರೀದಿಯೆಲ್ಲ ತಮ್ಮನದು. ಅವನು ಓದಿದ್ದೆಲ್ಲ ಇಲ್ಲೇ, ಅವನ ಕನ್ನಡದಲ್ಲಿ ಅರ್ಧ ತಮಿಳು.

“ಅಕ್ಕಾ, ಅಣ್ಣನ ವಂಡಿ ಸಾವಿ ಕೊಡು. ಅವ ಏಳುವ ಮುಂಚೆ ತಂದು ನಿಲ್ಲಿಸ್ತೇನೆ” ಎಂದ. ಹೊತ್ತು ಬೆಳಗಿನ ನಾಲ್ಕೂವರೆ, ಅವನ ಹಿಂದೆ ಚೀಲ ಹಿಡಿದು ಅಪ್ಪ ನಿಂತಿದ್ದರು.

ಕೊಡಬಾರದು ಎಂಬ ಸಾಲು ನನಗೆ ಬಾಯಿಪಾಠವಿತ್ತು. ಅಣ್ಣನನ್ನು ಎಬ್ಬಿಸಿ ಒಂದು ಮಾತು ಕೇಳಬಹುದಿತ್ತು. ನಾನು ಕೀಲಿ ತೆಗೆದುಕೊಟ್ಟು, “ನಾಲ್ಕು ಚಕ್ರ ಉಂಟಲ್ಲ, ಬೀಳುವುದಿಲ್ಲ” ಎಂದೆ. ಇದು ನನ್ನದೇ ಮಾತು, ಯಾರೂ ನನ್ನಿಂದ ಹೇಳಿಸಿದ್ದಲ್ಲ.

ಮೊದಲ ದಿನ ಬಂದದ್ದು ಕೊತ್ತಂಬರಿ, ಕರಿಬೇವು, ಬಾಳೆಲೆ. ಆಮೇಲೆ ಈರುಳ್ಳಿ ಮೂಟೆ, ಅದರ ಮೇಲೆ ಆಲೂಗಡ್ಡೆ ಮೂಟೆ. ಒಮ್ಮೆ ಗ್ಯಾಸ್ ಸಿಲಿಂಡರು ಕೂಡ. ಆ ಗಾಡಿ ಎಷ್ಟು ಹೇರಿದರೂ ವಾಲದೆ ನಿಲ್ಲುತ್ತಿತ್ತು. ಲೋಡ್ ಆಟೋಗಿಂತ ಇದೇ ವಾಸಿ ಎಂದು ತಮ್ಮ ಹೇಳಿದ, ನಾವು ಒಪ್ಪಿದೆವು. ಬೆಳಿಗ್ಗೆ ಅವನು ಗಾಡಿಯನ್ನು ಒರೆಸಿ ಇದ್ದ ಜಾಗದಲ್ಲೇ ನಿಲ್ಲಿಸುತ್ತಿದ್ದ. ಸರ್ಕಾರದಿಂದ ಪಡೆಯಲು ನಾಚಿದ ಅಪ್ಪನಿಗೆ ಪಡೆದದ್ದರ ಮೇಲೆ ಮೂಟೆ ಹೇರಲು ನಾಚಿಕೆಯಾಗಲಿಲ್ಲ. ಓದಿದ ನನಗೂ ಆಗಲಿಲ್ಲ.

ಗಾಡಿ ಮಗುಚಿದ ಆ ಬೆಳಿಗ್ಗೆ ನಾನು ಅಣ್ಣನ ಹಿಂದೆ ಕೂತಿದ್ದೆ, ಸೇತುವೆ ಹತ್ತುವಾಗಲೇ ಎಡಗಡೆ ಚಕ್ರದಿಂದ ಕಿರ್ ಎಂಬ ಸದ್ದು ಬರುತ್ತಿತ್ತು. “ಇದು ಯಾಕೋ ಹಾಡ್ತಾ ಉಂಟು” ಎಂದ ಅಣ್ಣ. ಇಳಿಜಾರಿನಲ್ಲಿ ಬಸ್ಸೊಂದು ನಮ್ಮ ಹಿಂದೆ ಬರುತ್ತಿತ್ತು. ಫಟ್ಟೆಂದು ಏನೋ ಮುರಿಯಿತು. ಚಿಕ್ಕ ಚಕ್ರವೊಂದು ನಮ್ಮನ್ನು ದಾಟಿ ತನ್ನ ಪಾಡಿಗೆ ಮುಂದೆ ಉರುಳಿಕೊಂಡು ಹೋಗುವುದು ನನಗೆ ಕಂಡಿತು. ಗಾಡಿ ಎಡಕ್ಕೆ ವಾಲಿತು.

ಅದರ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಾನು ರಸ್ತೆಯಲ್ಲಿ ಎರಡೂ ಕಾಲ ಮೇಲೆ ನಿಂತಿದ್ದೆ. ಹಾರಿದ್ದು ನೆನಪಿಲ್ಲ. ಹಾರಬೇಕೆಂದು ಯೋಚಿಸಿದ್ದೂ ಇಲ್ಲ. ಕಾಲುಗಳು ತಾವಾಗಿ ನನ್ನನ್ನು ಇಳಿಸಿದ್ದವು. ಅಣ್ಣನಿಗೆ ಹಾಗೆ ಇಳಿಸುವ ಕಾಲಿಲ್ಲ. ಕಬ್ಬಿಣದ ಪಟ್ಟಿ ಕಟ್ಟಿದ ಕಾಲು ಗಾಡಿಯಡಿ ಸಿಕ್ಕಿ, ಅವನು ಗಾಡಿಯ ಜೊತೆಗೇ ಡಾಮರಿನ ಮೇಲೆ ಜಾರುತ್ತಾ ಹೋದ. ಹಿಂದಿನ ಬಸ್ಸಿನ ಡ್ರೈವರು ಎದ್ದು ನಿಂತು ಬ್ರೇಕ್ ತುಳಿದ. ಬಸ್ಸು ನಿಂತಾಗ ಅದರ ಮುಂದಿನ ಚಕ್ರಕ್ಕೂ ಅಣ್ಣನ ತಲೆಗೂ ನಡುವೆ ಉಳಿದದ್ದು ಒಬ್ಬ ಮನುಷ್ಯ ಕೂರುವಷ್ಟು ಜಾಗ. ಆ ಜಾಗದಲ್ಲಿ ನಾನು ಹೋಗಿ ಕೂತೆ. ಬಸ್ಸಿನ ಬಿಸಿ ನನ್ನ ಬೆನ್ನಿಗೆ ತಾಗುತ್ತಿತ್ತು. ಅವನು ಕೇಳಿದ್ದು ಒಂದೇ, “ನಿನಗೆ ಪೆಟ್ಟಾಯ್ತಾ?”

ನನಗೆ ಒಂದು ಗೀರೂ ಇರಲಿಲ್ಲ.

ಅಣ್ಣನ ಬಲಗೈ ಮಣಿಕಟ್ಟು ಮುರಿದಿತ್ತು. ಬೇರೆಯವರಿಗೆ ಅದು ಆರು ವಾರದ ಕಿರಿಕಿರಿ. ಊರುಗೋಲು ಹಿಡಿಯುವವನಿಗೆ ಮಣಿಕಟ್ಟು ಎಂದರೆ ಕಾಲು. ತಮ್ಮ ಅವನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುವಾಗ ಅಣ್ಣ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನಲವತ್ತರ ಹತ್ತಿರದ ಗಂಡಸು. ತಮ್ಮ ಏನನ್ನೂ ಹೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಚಕ್ರ ಹಿಡಿದಿದ್ದ ಕಬ್ಬಿಣದ ತೋಳು ಭಾರಕ್ಕೆ ಬಾಗಿ ಮುರಿದದ್ದು ನೋಡಿದ ಕೂಡಲೇ ನಮ್ಮಿಬ್ಬರಿಗೂ ಗೊತ್ತಾಗಿತ್ತು.

ಕೆಳಗೆ ಅಪ್ಪ ಕ್ಯಾಶಿನಲ್ಲಿ ಕೂತು ಬಂದವರಿಗೆಲ್ಲ ತಮಿಳಿನಲ್ಲಿ ಕಥೆ ಹೇಳುತ್ತಿದ್ದರು. ಪುಕ್ಕಟೆ ಕೊಡುವುದು ಇಷ್ಟೇ, ಯಾವುದೋ ಹಳೇ ಕಬ್ಬಿಣ ಅಂಟಿಸಿ ಕೊಡುತ್ತಾರೆ, ಜನರ ಜೀವ ಅವರಿಗೆ ಆಟ ಎಂದು. ಕೇಳಿದವರು ಹೌದು ಹೌದು ಎಂದರು. ನಾನು ಪಾರ್ಸೆಲ್ ಕಟ್ಟುವ ಮೇಜಿನ ಹತ್ತಿರ ನಿಂತು ಅದೆಲ್ಲ ಕೇಳಿಸಿಕೊಂಡೆ. ದಿನಾ ಟಿಫಿನ್ನಿಗೆ ಬರುವ ರೈಲ್ವೆ ವರ್ಕ್‌ಶಾಪಿನ ನಿವೃತ್ತರೊಬ್ಬರು ಆ ಇಲಾಖೆಗೆ ದೂರು ಬರೆಯಲೇಬೇಕು, ಬೇಕಾದರೆ ತಾನೇ ಬರೆದುಕೊಡುತ್ತೇನೆ ಎಂದು ಹಟ ಹಿಡಿದರು. ಅವರ ಕೋಪ ನಿಜವಾದದ್ದು. ಅಣ್ಣನನ್ನು ಅವರು ಚಿಕ್ಕವನಿದ್ದಾಗಿನಿಂದ ಬಲ್ಲವರು.

ದೂರಿನ ಮಾತು ಮೇಲೆ ಅಣ್ಣನ ಕಿವಿಗೂ ಬಿತ್ತು. ಮರುದಿನ ನಾನು ಅವನಿಗೆ ಗಂಜಿ ತೆಗೆದುಕೊಂಡು ಹೋದಾಗ ಅವನು ಫೋನಿನಲ್ಲಿದ್ದ. ಗಾಡಿ ಕೊಟ್ಟ ಆಫೀಸಿಗೆ ತಾನೇ ಫೋನು ಮಾಡಿದ್ದ. ಗಾಡಿಯಲ್ಲಿ ದೋಷವೇನೂ ಇರಲಿಲ್ಲ, ಇಳಿಜಾರಿನಲ್ಲಿ ನಾನೇ ಜೋರಾಗಿ ತಿರುಗಿಸಿದೆ, ತಪ್ಪು ನನ್ನದು, ಯಾರಾದರೂ ದೂರು ಕೊಟ್ಟರೆ ತೆಗೆದುಕೊಳ್ಳಬೇಡಿ ಎಂದು ಹೇಳುತ್ತಿದ್ದ. ನಾನು ತಟ್ಟೆಯನ್ನು ಅವನ ಪಕ್ಕದಲ್ಲಿಟ್ಟೆ.

ಅವನು ಫೋನು ಇಟ್ಟ ಮೇಲೆ ನಾನು ಎಲ್ಲ ಹೇಳಿದೆ. ಬೆಳಗಿನ ಜಾವ, ಕೀಲಿ, ಮೂಟೆಗಳು, ಸಿಲಿಂಡರು. ಅವನು ಸಿಟ್ಟಾಗಲಿಲ್ಲ. ಗಂಜಿಗೆ ಎಡಗೈಯಲ್ಲೇ ಉಪ್ಪಿನಕಾಯಿ ಕಲಸಿದ.

“ಗೊತ್ತುಂಟು” ಎಂದ. “ಮೊದಲ ವಾರವೇ ಗೊತ್ತಾಯ್ತು. ಸೀಟಿನಡಿ ಈರುಳ್ಳಿ ಸಿಪ್ಪೆ ಇತ್ತು. ಪೆಟ್ರೋಲ್ ಎಲ್ಲಿಗೆ ಹೋಗ್ತದೆ ಅಂತ ನನಗೆ ಲೆಕ್ಕ ಬರುವುದಿಲ್ವಾ?”

“ಮತ್ತೆ ಯಾಕೆ ಹೇಳ್ಲಿಲ್ಲ?”

ಅವನು ತಟ್ಟೆ ಬದಿಗೆ ಸರಿಸಿದ. “ಖುಷಿ ಆಗಿತ್ತು ಮಾರಾಯ್ತಿ. ಇಷ್ಟು ವರ್ಷದಲ್ಲಿ ಈ ಹೋಟೆಲಿಗೆ ನನ್ನದೊಂದು ವಸ್ತು ಬೇಕಾಯ್ತಲ್ಲ ಅಂತ.”

ನಾನು ತಲೆ ತಗ್ಗಿಸಿ ಕೂತೆ. ಗಾಡಿಯನ್ನು ಕೂಡಲೇ ಸರಿ ಮಾಡಿಸುತ್ತೇವೆ, ತಮ್ಮ ಆಗಲೇ ಗ್ಯಾರೇಜಿನಲ್ಲಿ ಮಾತಾಡಿದ್ದಾನೆ ಎಂದೆ. ಅವನು ಬೇಡವೆಂದ.

“ಸರಿ ಆದ್ರೆ ನೀವು ಪುನಃ ತಗೊಂಡು ಹೋಗ್ತೀರಿ. ಕೊಡುವುದಿಲ್ಲ ಅಂತ ಹೇಳ್ಲಿಕ್ಕೆ ನನಗೆ ಆಗುವುದಿಲ್ಲ. ಇದೇ ಮನೆಯಲ್ಲಿ ಕೂತು ಉಣ್ಣುವವ ನಾನು. ಸೇತುವೆ ಮೇಲೆ ಹೋಗುವಾಗ ಇದರಲ್ಲಿ ನಿನ್ನೆ ಎಂತ ಹೇರಿದ್ರು ಅಂತ ಯೋಚನೆ ಮಾಡಿಕೊಂಡು ಗಾಡಿ ಬಿಡ್ಲಿಕ್ಕೆ ಉಂಟಾ? ಕ್ಯಾಶೇ ಸಾಕು.”

ಕ್ಲಿನಿಕ್ಕಿನವರು ಕೈ ವಾಸಿಯಾಗುವವರೆಗೆ ಕಾಯುತ್ತೇವೆ ಎಂದಿದ್ದರು. ಅದರಾಚೆ ಕಾಯಲಾರರು. ಅಣ್ಣ ಮತ್ತೆ ಗಾಡಿ ಹತ್ತದಿದ್ದರೆ ಆ ಕೆಲಸ ಹೋಗುತ್ತದೆ, ಅವನು ಮತ್ತೆ ಬಸ್ ಸ್ಟಾಪಿನ ಎದುರು ಕೂರುತ್ತಾನೆ. ನಾವು ಅವನ ಕೈ ಮಾತ್ರ ಮುರಿದದ್ದಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಅಪ್ಪನಿಗೆ ಹೇಳಿದೆ. ಮುರಿದದ್ದು ಮೂಟೆಗಳ ಭಾರಕ್ಕೆ, ಸರ್ಕಾರವನ್ನು ಬಯ್ಯುವುದು ನಿಲ್ಲಿಸಿ ಎಂದೆ. ಅಪ್ಪ ಸಾರಿನ ಅನ್ನ ಕಲಸುತ್ತಲೇ ಇದ್ದರು.

“ಕೀಲಿ ಕೊಟ್ಟದ್ದು ನೀನೇ ಅಲ್ವಾ?” ಎಂದರು.

“ಹೌದು” ಎಂದೆ. ಅಪ್ಪ ಊಟ ಅರ್ಧಕ್ಕೆ ಬಿಟ್ಟು ಎದ್ದರು. ಆದರೆ ಅಂದಿನಿಂದ ಕ್ಯಾಶಿನಲ್ಲಿ ಆ ಕಥೆ ನಿಂತಿತು. ಯಾರಾದರೂ ಕೇಳಿದರೆ “ಈಗ ಪರವಾಗಿಲ್ಲ” ಎಂದಷ್ಟೇ ಹೇಳಿ ಚಿಲ್ಲರೆ ಕೊಡುತ್ತಿದ್ದರು. ರೈಲ್ವೆಯವರು ಬರೆದು ತಂದಿದ್ದ ದೂರನ್ನು ನಾನೇ ಇಸಿದುಕೊಂಡು ನಡೆದದ್ದನ್ನು ಹೇಳಿದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಎಷ್ಟೋ ದಿನ ನಮ್ಮಲ್ಲಿ ಟಿಫಿನ್ನಿಗೆ ಬರಲಿಲ್ಲ.

ನನಗೆ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಹತ್ತಿದ ಕೂಡಲೇ ಆ ಪುಟ್ಟ ಚಕ್ರ ಉರುಳಿಕೊಂಡು ಹೋಗುತ್ತಿತ್ತು, ನಾನು ಎರಡೂ ಕಾಲ ಮೇಲೆ ನಿಂತಿರುತ್ತಿದ್ದೆ. ಬೆವರಿ ಎದ್ದರೆ ಪಕ್ಕದ ಕೋಣೆಯಲ್ಲಿ ಅಣ್ಣ ಹೊರಳುವ ಸದ್ದು.

ಅಣ್ಣ ಬೇಡವೆಂದರೂ ತಮ್ಮ ರಿಪೇರಿ ಮಾಡಿಸಿದ, ಗಾಡಿ ಹೊಸ ಕಬ್ಬಿಣದ ತೋಳಿನೊಂದಿಗೆ ಬಂದು ಹೋಟೆಲಿನ ಪಕ್ಕದ ಓಣಿಯಲ್ಲಿ ನಿಂತಿತು. ಕೀಲಿಯನ್ನು ನಾನು ಅಣ್ಣನ ಕೈಗೇ ಕೊಟ್ಟೆ. ಅವನು ಅದನ್ನು ದಿಂಬಿನ ಹತ್ತಿರ ಇಟ್ಟುಕೊಂಡ, ಮುಟ್ಟಲಿಲ್ಲ. ಪ್ಲಾಸ್ಟರ್ ಬಿಚ್ಚಿದರು. ಊರುಗೋಲು ಹಿಡಿದು ಜಗಲಿಯವರೆಗೆ ಹೋಗಿ ಬರತೊಡಗಿದ. ಕ್ಲಿನಿಕ್ಕಿನಿಂದ ಫೋನು ಬಂತು, ಸೋಮವಾರ ಬರುತ್ತೀರಾ ಎಂದು. ನೋಡುತ್ತೇನೆ ಎಂದ.

ಸೋಮವಾರ ಮುಂಜಾನೆ, ಅಣ್ಣ ಬಿದ್ದ ಮೇಲೆ ಗೊತ್ತುಮಾಡಿದ್ದ ಹೊಸ ಲೋಡ್ ಆಟೋದವನು ಕೈಕೊಟ್ಟ. ಹಿಂದಿನ ದಿನವೇ ಮದುವೆ ಪಾರ್ಟಿಯೊಂದರ ಆರ್ಡರು ಹಿಡಿದಿದ್ದೆವು. ತಮ್ಮ ನನ್ನ ಮುಖವನ್ನೂ ನೋಡದೆ ಗೋಣಿ ಚೀಲ ಮಡಚುತ್ತಾ ಕೂತ. ಅಪ್ಪ ಅಣ್ಣನ ಕೋಣೆಯ ಬಾಗಿಲಲ್ಲಿ ನಿಂತರು. ಈ ಸಲ ಅವನನ್ನೇ ಕೇಳಿದರು, ಅಷ್ಟು ಹೇಳಲೇಬೇಕು.

“ಇವತ್ತು ಒಂದು ದಿನ. ಬರೀ ಸೊಪ್ಪು, ಎಲೆ. ಭಾರ ಹಾಕುವುದಿಲ್ಲ.”

ನಾನು ನಡುವೆ ಬಾಯಿ ಹಾಕಲು ಹೊರಟವಳು ತಡೆದುಕೊಂಡೆ. ಅಣ್ಣ ಎದ್ದು ಕೂತು ಕಾಲಿನ ಪಟ್ಟಿಯ ಬಕಲ್ ಹಾಕಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

“ಇಲ್ಲ ಅಪ್ಪ. ಆಗುವುದಿಲ್ಲ. ನನಗೆ ಡ್ಯೂಟಿ ಉಂಟು.”

ಮನೆಯಲ್ಲಿ ಆ ಮಾತನ್ನು ಅಪ್ಪ ಅಣ್ಣನ ಬಾಯಿಂದ ಕೇಳಿದ್ದು ಅದೇ ಮೊದಲು. ನಾನೂ ಅದೇ ಮೊದಲು ಕೇಳಿದ್ದು. ಆಮೇಲೆ ಚೀಲ ತೆಗೆದುಕೊಂಡು ತಮ್ಮನನ್ನು ಕರೆದುಕೊಂಡು ಬಸ್ಸಿಗೆ ಹೋದರು. ಆ ದಿನ ಸಾಂಬಾರಿಗೆ ಸಣ್ಣ ಈರುಳ್ಳಿ ಇರಲಿಲ್ಲ. ಯಾರೋ ಗಿರಾಕಿ, ಏನು ಸ್ವಾಮಿ, ಇವತ್ತು ಏಕಾದಶಿಯಾ ಎಂದು ಕಿಚಾಯಿಸಿದರಂತೆ. ಅಪ್ಪ ನಕ್ಕರಂತೆ.

ನಾನು ಹಿಂದೆ ಕೂರಲೇ ಎಂದು ಕೇಳಿದೆ. ಇವತ್ತು ಬೇಡ, ಒಬ್ಬನೇ ಹೋಗಿ ನೋಡುತ್ತೇನೆ ಎಂದ. ಹಾರಿದವಳನ್ನು ಹಿಂದೆ ಕೂರಿಸಿಕೊಳ್ಳಲು ಅವನಿಗೆ ಹೆದರಿಕೆಯೋ, ನನಗೆ ಹೆದರಿಕೆಯಾದೀತೆಂಬ ಕಾಳಜಿಯೋ ಕೇಳಲಿಲ್ಲ. ಆಫೀಸಿನಲ್ಲಿ ಕೂತು ಫೋನು ನೋಡುತ್ತಿದ್ದೆ. ಒಂಬತ್ತು ಗಂಟೆ ದಾಟಿದ ಮೇಲೆ ಅವನಿಂದ ಒಂದು ಫೋಟೋ ಬಂತು. ಕ್ಲಿನಿಕ್ಕಿನ ಮೇಜು, ಅದರ ಮೇಲೆ ಯಾವನದೋ ಹಲ್ಲಿನ ಅಚ್ಚು. ಬೇರೆ ಮಾತಿಲ್ಲ.

ಸಂಜೆ ಅವನು ಬಂದ ಗಾಡಿಯ ಸದ್ದು ಓಣಿಯಲ್ಲಿ ಕೇಳುವವರೆಗೆ ನಾನು ಬಾಗಿಲಲ್ಲೇ ಇದ್ದೆ. ಆ ರಾತ್ರಿ ಊಟವಾದ ಮೇಲೆ ಸುಮ್ಮನೆ ಮಲಗಿದ್ದಷ್ಟೇ ಗೊತ್ತು. ಬೆಳಿಗ್ಗೆ ಅಮ್ಮ ಬಂದು ಅಲುಗಿಸಿದಳು. ಹೋಟೆಲಿನಲ್ಲಿ ಆಗಲೇ ಗ್ರೈಂಡರು ತಿರುಗಿ ನಿಂತಾಗಿತ್ತು, ನನಗೆ ಒಂದೂ ಕೇಳಿರಲಿಲ್ಲ. “ಅಣ್ಣನೂ ಇನ್ನೂ ಎದ್ದಿಲ್ಲ. ಇಬ್ಬರಿಗೂ ಎಂತ ನಿದ್ದೆ ಇದು” ಎಂದಳು ಅಮ್ಮ.