ಸುಮ್ಮನೆ ಬೇಕಾದ ಗಾಡಿ

ತೊಣ್ಣೂರಿನ ಸುತ್ತಮುತ್ತ ಯಾರಿಗೇ ಹಸು ಬೇಕಾಗಲಿ, ಮೊದಲು ಬರುವುದು ಪ್ರಮೀಳಾಳ ಮನೆ ಬಾಗಿಲಿಗೆ. ಕೆಚ್ಚಲು, ಗೊರಸು, ಮೂತಿ ನೋಡಿ ಈ ಹಸು ಹಾಲು ಕೊಡುತ್ತದೋ ಬರೀ ಮೇವು ತಿಂದುಕೊಂಡು ಬಿದ್ದಿರುತ್ತದೋ ಎಂದು ಹೇಳುವುದರಲ್ಲಿ ಅವಳ ಕಣ್ಣು ಪಳಗಿದೆ. ಹೆಂಗಸಿನ ಮಾತು ಏನು ಕೇಳುವುದು ಎಂದು ಮೀಸೆ ತಿರುವಿದವರೂ ಕೊನೆಗೆ, "ನೀನೇ ಒಂದ್ಸಲಿ ಬಂದು ನೋಡ್ಬುಡವ್ವ" ಎಂದು ಕರೆದುಕೊಂಡು ಹೋಗಿದ್ದಾರೆ. ಹೀಗೆ ಊರಿಗೆಲ್ಲ ಆರಿಸಿಕೊಟ್ಟವಳು ನಲವತ್ತೈದು ದಾಟುವವರೆಗೂ ತನಗೆ ಇಷ್ಟ ಎಂದು ಒಂದು ವಸ್ತುವನ್ನೂ ಆರಿಸಿಕೊಂಡಿರಲಿಲ್ಲ. ಅವಳ ಕೊಟ್ಟಿಗೆಯ ಹಸುಗಳು ಕೂಡ ಹಾಲಿನ ಲೆಕ್ಕ ಹಾಕಿ ತಂದವೇ ಹೊರತು ಪ್ರೀತಿಯಿಂದ ತಂದವಲ್ಲ.

ಆಸೆ ಹುಟ್ಟಿದ್ದು ಒಂದು ಭಾನುವಾರ. ಕೆರೆಯ ಪಕ್ಕದ ಗುಡ್ಡದ ಬುಡದಲ್ಲಿ ಹುಲ್ಲು ಕುಯ್ಯುತ್ತಿದ್ದಾಗ ಮೈಸೂರಿನ ಕಡೆಯ ನಾಲ್ಕಾರು ಜನ ಎತ್ತರದ ಮಡ್‌ಗಾರ್ಡಿನ, ದಪ್ಪ ಗುಬುಟುಗಳೆದ್ದ ಟೈರಿನ ಬೈಕುಗಳಲ್ಲಿ ಬಂದರು. ಬಂದವರು ದಾರಿಯಲ್ಲಿ ಹೋಗಲಿಲ್ಲ, ನೇರವಾಗಿ ಬಂಡೆ ಹತ್ತಿಸಿದರು. ಅದರಲ್ಲೊಂದು ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿನ ಜೊತೆಗೇ ಆಯಿಲನ್ನೂ ಸುಟ್ಟುಕೊಂಡು ಓಡುವ ಹಳೇ ಕಾಲದ ಜಾತಿ. ಉಳಿದವು ಏದುಸಿರು ಬಿಡುತ್ತಿದ್ದಲ್ಲಿ ಅದು ಹಗುರ ಮೈಯಲ್ಲಿ ಕಿರುಚಿಕೊಂಡು ಹತ್ತಿ ಹೋಯಿತು. ಹಿಂದೆ ನೀಲಿ ಹೊಗೆ, ಸುಟ್ಟ ಎಣ್ಣೆಯ ವಾಸನೆ. ಪ್ರಮೀಳಾ ಕುಡುಗೋಲು ಕೈಯಲ್ಲಿ ಹಿಡಿದೇ ನಿಂತಿದ್ದಳು. ಇದು ನನಗೆ ಬೇಕು ಅನ್ನಿಸಿತು. ಯಾಕೆ ಎಂದು ಆಗಲೂ ಗೊತ್ತಿರಲಿಲ್ಲ, ಗೊತ್ತಿರಬೇಕು ಎಂದೂ ಅನ್ನಿಸಲಿಲ್ಲ.

ಮನೆಯಲ್ಲಿ ಹೇಳಿದ ದಿನ ಗಂಡ ಚಿಕ್ಕಸ್ವಾಮಿ ಉಣ್ಣುವ ಕೈ ನಿಲ್ಲಿಸಿದ. ಮಾತಾಡಿದ್ದು ಅವನ ಅಣ್ಣ ಶಿವಶಂಕರ್. ಮನೆ ಬೇರೆಯಾಗಿ ಎಷ್ಟೋ ವರ್ಷವಾದರೂ ಈ ಮನೆಯ ಮಾತಿಗೆಲ್ಲ ಬಾಯಿ ಹಾಕುವ ಹಕ್ಕನ್ನು ಮಾತ್ರ ಅವನು ಭಾಗ ಮಾಡಿಕೊಟ್ಟಿರಲಿಲ್ಲ.

"ಏನಕ್ಕವ್ವ ನಿಂಗೆ ಆ ಗಾಡಿ?" ಎಂದ.

"ಬೇಕು ಭಾವ."

"ಅದೇ ಕಣವ್ವ, ಏನಕ್ಕೆ? ಸ್ಕೂಟಿ ತಗೊ, ಮುಂದ್ಗಡೆ ಬೂಸಾ ಮೂಟೆ ಇಟ್ಕಬೋದು. ಯಾರೂ ಏನೂ ಅನ್ನಕ್ಕಿಲ್ಲ."

ಕೇಳಿದವನು ಯಾರು ನೋಡಿ. ಅವನ ಮನೆಯ ಮುಂದೆ ಒಂದು ಜೊತೆ ಹಳ್ಳೀಕಾರ್ ಎತ್ತುಗಳಿವೆ. ಒಂದು ದಿನವೂ ಗದ್ದೆಗಿಳಿದವಲ್ಲ, ಗಾಡಿಗೆ ಹೂಡಿದವಲ್ಲ. ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ಹೋಗಿ ಬರುವವರಿಂದ ಭಲೇ ಅನ್ನಿಸಿಕೊಳ್ಳುವುದೊಂದೇ ಅವುಗಳ ಕೆಲಸ. ಅವಕ್ಕೆ ಹುರುಳಿ ಬೇಯಿಸಿ ಬೇಯಿಸಿ ಅವನ ಹೆಂಡತಿಯ ರಟ್ಟೆ ಬಿದ್ದುಹೋಗಿದೆ. ಏನಕ್ಕೆ ಎಂದು ಅವನನ್ನು ಇವತ್ತಿನವರೆಗೂ ಊರಿನಲ್ಲಿ ಯಾರೂ ಕೇಳಿಲ್ಲ. ಗಂಡಸಿನ ಆಸೆಗೆ ಶೋಕಿ ಎಂಬ ಹೆಸರಿದೆ, ಗೌರವವೂ ಇದೆ. ಹೆಂಗಸಿನ ಆಸೆಗೆ ಮಾತ್ರ ಮೂಟೆ ಹೊರಿಸಿಯೇ ತೀರಬೇಕು.

ಚಿಕ್ಕಸ್ವಾಮಿ ಕೈ ತೊಳೆದು ಬಂದು, "ನಂಗೂ ಅರ್ಥ ಆಗ್ನಿಲ್ಲ ಕಣಣ್ಣ. ಆದ್ರೆ ಇವ್ಳು ಇಂಗೆ ಬೇಕು ಅಂದಿದ್ದೇ ಇಲ್ಲ" ಎಂದ. ಬೇಸಿಗೆಯಲ್ಲಿ ಕೆರೆಯ ಅಂಚು ಒಣಗಿ ಬಯಲಾದಾಗ ತನ್ನ ಬೈಕಿನಲ್ಲಿ ಅವಳಿಗೆ ಗೇರು ಹಾಕುವುದನ್ನು ಕಲಿಸಿದವನೂ ಅವನೇ. ಲೈಸೆನ್ಸು ಬಂದ ದಿನ ಅವಳು ಊರಿಗೆಲ್ಲ ಕಡಲೆಪುರಿ ಹಂಚಲಿಲ್ಲ, ಲೈಸೆನ್ಸನ್ನು ಟೀವಿಯ ಪಕ್ಕದಲ್ಲಿ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇಟ್ಟಳು.

ಮೊದಲು ನೋಡಿದ ಗಾಡಿ ನಾಗಮಂಗಲದಲ್ಲಿತ್ತು. ಹೆಂಗಸು ಒಬ್ಬಳೇ ಹೋದರೆ ಟೋಪಿ ಹಾಕುತ್ತಾರೆ ಎಂದು ಶಿವಶಂಕರ್ ಜೊತೆಗೆ ಹೊರಟ. ಗಾಡಿ ಫಳಫಳ ಹೊಳೆಯುತ್ತಿತ್ತು, ಒಂದೇ ಒದೆತಕ್ಕೆ ಶುರುವಾಯಿತು. "ಇದೇ ಆಗ್ಲಿ ಬುಡು, ಬಣ್ಣ ಚೆನ್ನಾಗದೆ" ಎಂದು ಅವನು ಒಪ್ಪಿಯೇಬಿಟ್ಟ. ಪ್ರಮೀಳಾ ಎಂಜಿನ್ನಿಗೆ ಅಂಗೈ ಇಟ್ಟಳು. ಬಿಸಿಯಾಗಿತ್ತು. ಮಾರುವ ದಿನ ಹಸುವನ್ನು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸುವವರನ್ನು ಅವಳು ಬೇಕಾದಷ್ಟು ನೋಡಿದ್ದಾಳೆ. ತಣ್ಣಗಿದ್ದಾಗ ಏಳದ ಗಾಡಿಯನ್ನು ಮೊದಲೇ ಓಡಿಸಿ ಕಾಯಿಸಿಟ್ಟಿದ್ದರು. ಅವಳು ಬಸ್‌ಸ್ಟಾಂಡಿನ ಕಡೆ ನಡೆದಳು, ಭಾವ ಗೊಣಗಿಕೊಂಡು ಹಿಂದೆ ಬಂದ.

ಎರಡನೆಯದು ಬೂಕನಕೆರೆಯ ಹೊನ್ನಪ್ಪನದು. ಹೊನ್ನಪ್ಪ ವಯಸ್ಸಿನಲ್ಲಿ ಮಣ್ಣಿನ ರೇಸುಗಳಲ್ಲಿ ಓಡಿಸಿದವನು. ಹಳೇ ಟೂ ಸ್ಟ್ರೋಕ್ ಯಮಹಾ ಒಂದಕ್ಕೆ ತಾನೇ ಅಗಲ ಹ್ಯಾಂಡಲ್ಲು, ಉದ್ದ ಫೋರ್ಕು, ಗುಬುಟು ಟೈರು ಹಾಕಿ ಗುಡ್ಡ ಹತ್ತುವ ಗಾಡಿ ಮಾಡಿಕೊಂಡಿದ್ದ. ಈಗ ಮಂಡಿ ಕೈಕೊಟ್ಟಿದೆ, ಕಿಕ್ ಹೊಡೆಯಲಾಗುವುದಿಲ್ಲ, ಅದಕ್ಕೆ ಮಾರುತ್ತಾನೆ ಎಂದು ಸುದ್ದಿ. ಹಸು ನೋಡಲು ಹೋಗುವ ಹಾಗೆಯೇ ಪ್ರಮೀಳಾ ಮಾಲೀಕನಿಗೆ ಹೇಳದೆ ಕೇಳದೆ ಬೆಳಗಿನ ಜಾವಕ್ಕೇ ಹೋಗಿ ನಿಂತಳು. ಚೂಡಿದಾರದ ಮೇಲೆ ಗಂಡನ ತುಂಬು ತೋಳಿನ ಶರ್ಟು ಹಾಕಿದ್ದಳು, ಗದ್ದೆ ಕೆಲಸಕ್ಕೆ ಹಾಕಿಕೊಳ್ಳುವುದು. ಶಿವಶಂಕರ್ ಒಂದು ಗೂಡ್ಸ್ ಆಟೋ ಮಾಡಿಕೊಂಡು ಬಂದಿದ್ದ, ಜೊತೆಗೊಂದು ಟಾರ್ಪಾಲು. ವ್ಯಾಪಾರ ಕುದುರಿದರೆ ಗಾಡಿಯನ್ನು ಮುಚ್ಚಿಕೊಂಡು ಊರಿಗೆ ತರುವುದು ಅವನ ಯೋಚನೆ.

ಎಂಜಿನ್ನು ಕಲ್ಲಿನಷ್ಟು ತಣ್ಣಗಿತ್ತು. ಅವಳು ಹಿಂದಿನ ಚಕ್ರ ಹಿಡಿದು ಅಲ್ಲಾಡಿಸಿದಳು, ಸಡಿಲವಿಲ್ಲ. ಕಿಕ್ಕರನ್ನು ಕೈಯಿಂದಲೇ ನಿಧಾನವಾಗಿ ಒತ್ತಿದಳು, ಒಳಗಿನಿಂದ ಗಟ್ಟಿಯಾಗಿ ತಡೆಯಿತು. ಪಿಸ್ಟನ್ ಸವೆದಿಲ್ಲ. ಇದನ್ನು ಬಿಡಬಾರದು ಅನ್ನಿಸಿತು. ಆದರೆ ಮುಖ ಮಾತ್ರ ಹುಳಿ ಹಿಂಡಿದ ಹಾಗೆ ಇಟ್ಟುಕೊಂಡಳು. ಹಸು ವ್ಯಾಪಾರದಲ್ಲಿ ಇಷ್ಟವಾದದ್ದನ್ನು ಮಾಲೀಕನ ಎದುರು ಹೊಗಳಬಾರದು. ರೇಟೂ ಏರುತ್ತದೆ, ದೃಷ್ಟಿಯೂ ಆಗುತ್ತದೆ. ಎಷ್ಟು ಇಷ್ಟವೋ ಅಷ್ಟು ಹಳಿಯಬೇಕು, ಅವನು ಸಮರ್ಥಿಸಿಕೊಳ್ಳಬೇಕು, ಹಾಗೆ ಮಾತು ಬೆಳೆದು ಕುದುರಬೇಕು. ಅವಳಿಗೆ ಗೊತ್ತಿದ್ದ ವ್ಯಾಪಾರ ಅದೊಂದೇ.

"ಮಡ್‌ಗಾರ್ಡು ಸೀಳ್ಬುಟ್ಟದೆ. ಟ್ಯಾಂಕೆಲ್ಲ ನೆಗ್ಗೋಗದೆ. ವಯಸ್ಸಾಗೋದ ಗಾಡಿ ಕಣಣ್ಣ, ಇನ್ನೆಷ್ಟ್ ದಿನ ಬಂದಾತು" ಎಂದಳು.

ಹೊನ್ನಪ್ಪ ಸಮರ್ಥಿಸಿಕೊಳ್ಳಲಿಲ್ಲ. ಅವನು ಹಸು ಮಾರುತ್ತಿರಲಿಲ್ಲವಲ್ಲ. ಪಕ್ಕದಲ್ಲಿದ್ದ ಹಳೇ ಜಮಖಾನ ಎಳೆದು ಗಾಡಿಯ ಮೇಲೆ ಹೊದಿಸಿದ.

"ಮಾರಕ್ಕಿಲ್ಲ. ಓಗವ್ವ."

ಪ್ರಮೀಳಾಳಿಗೆ ನಾಲಗೆ ಕಚ್ಚಿಕೊಳ್ಳುವ ಹಾಗಾಯಿತು. ಎಷ್ಟೋ ಜನರ ವ್ಯಾಪಾರ ಕುದುರಿಸಿದ ಬಾಯಿ ಸ್ವಂತ ವ್ಯಾಪಾರವನ್ನು ಕೆಡಿಸಿಕೊಂಡಿತ್ತು. ಶಿವಶಂಕರ್‌ಗೆ ಒಳಗೊಳಗೇ ಖುಷಿ. ಆದರೂ ಆಟೋ ತಂದವನು, ಬರಿಗೈಲಿ ಹೋಗುವುದೂ ಅವಮಾನವೇ. ನಡುವೆ ಬಾಯಿ ಹಾಕಿದ.

"ಬೇಜಾರ್ ಮಾಡ್ಕಬ್ಯಾಡ ಹೊನ್ನಪ್ಪ. ಪಾಪ, ಡೇರಿಗೆ ಹಾಲ್ ಹಾಕ್ಬೇಕು, ಮೇವು ತರ್ಬೇಕು, ಅದಕ್ಕೆ ಬೇಕಾಗದೆ. ಹಿಂದ್ಗಡೆ ಒಂದು ಕ್ಯಾರಿಯರ್ ಹಾಕಿಸ್ಕಂಡ್ರೆ ಮನೆಗೆ ಆಸರೆ ಆಯ್ತದೆ."

ಹೊನ್ನಪ್ಪನ ಮುಖ ಸ್ವಲ್ಪ ಸಡಿಲವಾಯಿತು. ಅವನೂ ಬೇಸಾಯದವನೇ. "ದುಡಿಮೆಗೆ ಅಂದ್ರೆ ಬೇರೆ ಮಾತು. ಅಂಗೇನವ್ವ? ಅಂಗಿದ್ರೆ ಯೋಚ್ನೆ ಮಾಡನ" ಎಂದ.

ಹೂಂ ಎಂದಿದ್ದರೆ ಮುಗಿದಿತ್ತು. ಗಾಡಿಯೂ ಸಿಗುತ್ತಿತ್ತು, ಊರಿನ ಬಾಯಿಯೂ ಮುಚ್ಚುತ್ತಿತ್ತು. ಪಾಪ, ಹಾಲಿಗೆ ತಂದಿದ್ದಾಳೆ ಎಂದು ಜನ ಮೆಚ್ಚಿಕೊಳ್ಳುತ್ತಲೂ ಇದ್ದರು. ಪ್ರಮೀಳಾ ಆ ಪಾಪ ಎಂಬ ಮಾತನ್ನು ಕೇಳಿ ಕೇಳಿ ರೋಸಿಹೋಗಿದ್ದಳು. ಇವತ್ತು ಹೂಂ ಎಂದರೆ ನಾಳೆ ಕ್ಯಾನು ಕಟ್ಟುತ್ತಾರೆ, ನಾಡಿದ್ದು ಬೂಸಾ, ಆಮೇಲೆ ಈ ಗಾಡಿಯೂ ಕೊಟ್ಟಿಗೆಯ ಇನ್ನೊಂದು ದನ. ಬೇಡವೇ ಬೇಡ. ಗಾಡಿ ಕೈತಪ್ಪಿದರೂ ಪರವಾಗಿಲ್ಲ, ಸುಳ್ಳು ಹೇಳಿ ತೆಗೆದುಕೊಳ್ಳುವುದಿಲ್ಲ ಎಂದು ಅವಳಿಗೆ ಸಿಟ್ಟೇ ಬಂತು.

"ಇಲ್ಲ ಕಣಣ್ಣ. ಇದ್ರಲ್ಲಿ ಹಾಲು ಹೊರಕ್ಕಿಲ್ಲ, ಮೇವು ಹೊರಕ್ಕಿಲ್ಲ. ಕ್ಯಾರಿಯರ್ರೂ ಹಾಕ್ಸಕ್ಕಿಲ್ಲ. ನಾನ್ ಆಗ್ಲೇ ಅಂದಿದ್ದು ಹಸು ವ್ಯಾಪಾರದ ಮಾತು, ತಪ್ಪಾಯ್ತು. ಗಾಡಿ ಚೆನ್ನಾಗದೆ. ಕಂಡ್ ಗಳಿಗೇಲೇ ನಂಗೆ ಇಷ್ಟ ಆಗೋಯ್ತು. ಸುಮ್ನೆ ಬೇಕು. ನಮ್ಮೂರ್ ಕೆರೆ ಮಗ್ಗುಲು ಬಂಡೆ ಅದೆ, ಹತ್ತಬೇಕು, ಇಳೀಬೇಕು, ಮತ್ತೆ ಹತ್ತಬೇಕು. ಕೊಡದಾದ್ರೆ ಇದಕ್ಕೆ ಅಂತ್ಲೇ ಕೊಡು. ಇಲ್ದಿದ್ರೆ ಬುಡು."

ಶಿವಶಂಕರ್ ಟಾರ್ಪಾಲಿನ ಅಂಚು ತಿರುಚುತ್ತಾ ನೆಲ ನೋಡಿದ. ಹೊನ್ನಪ್ಪ ಮಾತ್ರ ಅವಳ ಮುಖವನ್ನೇ ನೋಡಿದ. ಆಮೇಲೆ ಕುಂಟುತ್ತಾ ಹೋಗಿ ಜಗಲಿಯ ಮೇಲೆ ಕೂತ.

"ನಮ್ಮನೇಲೂ ಕೇಳೋರು ಕಣವ್ವ, ಏನಕ್ಕೆ ಏನಕ್ಕೆ ಅಂತ. ಗದ್ದೆಗೆ ನೀರು ಕಟ್ಟಕ್ ಹೋಯ್ತೀನಿ, ಟೌನಿಂದ ಗೊಬ್ಬರ ತತ್ತೀನಿ ಅಂತ ಸುಳ್ಳು ಹೇಳ್ಕಂಡೇ ಓಡಿಸ್ಬುಟ್ಟೆ. ನಿನ್ನಂಗೆ ಒಂದ್ ದಿನವೂ ಬಾಯ್ಬುಟ್ಟು ಹೇಳ್ನಿಲ್ಲ" ಎಂದು ಜಮಖಾನದ ಕಡೆ ಕೈ ತೋರಿಸಿದ. "ತಗಿ. ಒದ್ದು ನೋಡು."

ಮೊದಲ ಒದೆತಕ್ಕೆ ಗಾಡಿ ಕೆಮ್ಮಿತು. ಎರಡನೆಯದಕ್ಕೆ ಕಿಕ್ಕರು ತಿರುಗಿ ಬಂದು ಮೊಳಕಾಲಿಗೆ ಹೊಡೆಯಿತು, ಅವಳು ಹಲ್ಲು ಕಚ್ಚಿದಳು. "ಚೋಕ್ ಎಳ್ಕೊ, ಎದುರ್ಕಬ್ಯಾಡ" ಎಂದ ಹೊನ್ನಪ್ಪ. ಇನ್ನೊಂದು ಸಲ ಮೈಯ ಭಾರವನ್ನೆಲ್ಲ ಹಾಕಿ ಒದ್ದಳು. ಬೀದಿಯ ನಾಯಿಗಳೆಲ್ಲ ಎದ್ದು ಬೊಗಳುವ ಹಾಗೆ ಗಾಡಿ ಶುರುವಾಯಿತು. ನೀಲಿ ಹೊಗೆ ಅಂಗಳ ತುಂಬಿತು, ಅದೇ ಸುಟ್ಟ ಎಣ್ಣೆಯ ವಾಸನೆ. ಪ್ರಮೀಳಾ ಹಲ್ಲು ಕಾಣುವ ಹಾಗೆ ನಕ್ಕಳು.

ಕೊಡುವುದು ಕೊಟ್ಟು, ಸಹಿ ಹಾಕಿಸಿಕೊಂಡ ಮೇಲೆ ಶಿವಶಂಕರ್ ಆಟೋದ ಹಿಂಬಾಗಿಲು ತೆರೆದ. ಅಷ್ಟರಲ್ಲಿ ಪ್ರಮೀಳಾ ಮನೆಯಿಂದ ತಂದಿದ್ದ ಹೆಲ್ಮೆಟ್ಟು ಹಾಕಿಕೊಂಡು ಗಾಡಿ ಹತ್ತಿದ್ದಳು.

"ಏ, ಓಡಿಸ್ಕಂಡು ಹೋಯ್ತೀಯಾ? ಊರೊಳಗೆ? ಜನ ಏನಂದಾರು?"

"ಏನಾರಾ ಅನ್ಲಿ."

"ಮತ್ತೆ ಆಟೋ? ಖಾಲಿ ವಾಪಸ್ ಕಳ್ಸನಾ?"

"ಖಾಲಿ ಯಾಕೆ? ನೀವು ಹತ್ಕಂಡ್ ಬನ್ನಿ ಭಾವ."

ಆಟೋದವನು ಮುಖ ಆ ಕಡೆ ತಿರುಗಿಸಿಕೊಂಡು ನಕ್ಕ.

ಪಾಂಡವಪುರದ ಕಡೆ ಅವಳು ಡಾಂಬರು ರಸ್ತೆ ಬಿಟ್ಟು ನಾಲೆ ಏರಿಯ ಮೇಲೆ ಬಂದಳು. ಕಬ್ಬಿನ ಗದ್ದೆಯಲ್ಲಿ ಸೋಗೆ ತರಿಯುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. ಊರಿಗೆ ಬಂದಾಗ ಡೇರಿಯ ಮುಂದೆ ಜನ ಇದ್ದರು. "ಏನಕ್ಕಾ ಇದು, ಎಲ್ಲಿಗೆ?" ಎಂದು ಯಾರೋ ಕೂಗಿದರು. ಅವಳು ನಿಲ್ಲಿಸಲೂ ಇಲ್ಲ, ವೇಗ ಹೆಚ್ಚಿಸಲೂ ಇಲ್ಲ. ಮನೆಯ ಕಡೆಯ ತಿರುವನ್ನು ದಾಟಿ ನೇರ ಕೆರೆಯ ಕಡೆ ಹೋದಳು.

ಮೊದಲ ಸಲ ಬಂಡೆಯ ಅರ್ಧಕ್ಕೆ ಹಿಂಚಕ್ರ ಜಾರಿ ಗಾಡಿ ಮಲಗಿತು. ಶರ್ಟಿನ ತೋಳು ಹರಿದು ಮೊಳಕೈ ತರಚಿತು. ಎತ್ತಿ ನಿಲ್ಲಿಸಿ ಕೆಳಗಿನಿಂದ ಮತ್ತೆ ಬಂದಳು. ಈ ಸಲ ಗಾಡಿ ಕಿರುಚಿಕೊಂಡು ಹತ್ತಿತು, ಅವಳೂ ಹೆಲ್ಮೆಟ್ಟಿನೊಳಗೆ ಏನೋ ಕಿರುಚಿದಳು. ಮೇಲೆ ಎಂಜಿನ್ ಆರಿಸಿದಾಗ ಕೆರೆ ಪೂರ್ತಿ ಕಾಣುತ್ತಿತ್ತು. ಅಲ್ಲಿ ಹುಲ್ಲಿರಲಿಲ್ಲ, ದನವಿರಲಿಲ್ಲ, ಹೊತ್ತು ತರುವಂಥದ್ದು ಒಂದೂ ಇರಲಿಲ್ಲ. ಅವಳಿಗೆ ಅಲ್ಲಿ ಮಾಡುವ ಕೆಲಸ ಏನೂ ಇರಲಿಲ್ಲ. ಗಾಡಿಯ ಪಕ್ಕ ಕಾಲು ಚಾಚಿ ಕೂತಳು.