ದುರ್ಗಪ್ಪ ತಂದ ನೀರು

ನಮ್ಮ ದುರ್ಗಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಬೈಲಹೊಂಗಲದ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅವನು ಆಗ ಹದಿನಾಲ್ಕು ವರ್ಷದಿಂದ ಹಂಗಾಮಿ ಜವಾನನಾಗಿದ್ದ. ನಾನು ಅಲ್ಲೇ ಗುಮಾಸ್ತ. ೨೦೦೮ರಲ್ಲಿ ಅವನನ್ನು ಕಾಯಂ ಮಾಡುವ ಕಾಗದ ಅಂತೂ ಇಂತೂ ಮುಖ್ಯಸ್ಥರಾದ ಉಳವಪ್ಪ ಸರ್ ಮೇಜಿಗೆ ಬಂದಿತ್ತು.

ಅದೇ ವರ್ಷ ಪೂನಮ್ ಎಂಬ ಹುಡುಗಿ ಎಂ.ಫಿಲ್‌ಗೆಂದು ಮೀನಿನ ಪ್ರಯೋಗ ಹಿಡಿದಳು. ಕಣ್ಣಿಗೇ ಕಾಣದ ತಾಮ್ರದ ಕಣ, ನ್ಯಾನೊ ಕಣ ಅಂತಾರಲ್ಲ, ಅದನ್ನು ಒಂದು ತೊಟ್ಟಿಗೆ ಬೆರೆಸಿ ರೋಹು ಮರಿಗಳಿಗೆ ಏನಾಗುತ್ತದೆಂದು ನೋಡುವುದು. ಪಕ್ಕದ ತೊಟ್ಟಿಯಲ್ಲಿ ವಿಭಾಗದ ಡ್ರಮ್ಮಿನಲ್ಲಿ ಹಿಡಿದಿಟ್ಟ ಬರೀ ಶುದ್ಧ ನೀರು. ಅಲ್ಲಿನ ಹತ್ತು ಮರಿ ನಾಲ್ಕು ದಿನ ಬದುಕಿದರೆ ಮಾತ್ರ ಪ್ರಯೋಗಕ್ಕೆ ಬೆಲೆ. "ಕಾಕಾ, ಈ ತೊಟ್ಟಿಗೆ ದಿನಾ ಶುದ್ಧ ನೀರು ಹಾಕೋದು ನಿಮ್ಮ ಜವಾಬ್ದಾರಿ," ಎಂದು ದುರ್ಗಪ್ಪನಿಗೆ ಹೇಳಿದಳು.

ಎರಡು ಸಲವೂ ಶುದ್ಧ ನೀರಿನ ಮರಿಗಳೇ ಸತ್ತವು! ಸರ್ ಕೆಂಡಾಮಂಡಲವಾದರು. ಮರಿ ತಂದುಕೊಡುವವನು ರಾಮದುರ್ಗದ ಭರಮಪ್ಪ. "ಅಂವ ರೋಗದ ಮೀನ ಕೊಡಾಕತ್ತಾನ. ಈ ಸಲಾನೂ ಸತ್ರ ಅವನೂ ಬಂದ್, ನಿನ್ನ ಪ್ರಯೋಗಾನೂ ಬಂದ್," ಎಂದು ಪೂನಮ್‌ಗೆ ಗದರಿದರು.

ಮೂರನೆಯ ಸಲ, ಎರಡನೆಯ ದಿನ ಮಧ್ಯಾಹ್ನವೇ ಮರಿಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಒಂದು ಹೊಟ್ಟೆ ಮೇಲಾಯಿತು. ಇನ್ನೊಂದು. "ಏನ್ ಹಾಕೀರಿ ಕಾಕಾ?" ಎಂದು ಪೂನಮ್ ಚೀರಿದಳು.

"ಶಿವನಾಣಿ, ನಾ ಏನೂ ತಪ್ಪ ಮಾಡಿಲ್ರಿ ಬಾಯಾರ! ಡ್ರಮ್ಮಿನ ನೀರು ವಾಸನಿ ಹೊಡಿತೈತಿ ಅಂತ ಮನಿಯಿಂದ ತರಾಕತ್ತೇನಿ. ನಮ್ಮಾಕಿ ತಾಮ್ರದ ಕೊಡ ಹುಣಸಿಹಣ್ಣು ಹಚ್ಚಿ ತಿಕ್ಕಿ, ರಾತ್ರಿನ ತುಂಬಿಸಿ ಇಡ್ತಾಳ್ರಿ. ಅದಕ್ಕಿಂತ ಶುದ್ಧ ಯಾವುದೈತ್ರಿ?"

ಪೂನಮ್ ಮುಖ ಕಪ್ಪಿಟ್ಟಿತು. "ಮನುಷ್ಯಾರಿಗೆ ನಡಿತೈತಿ ಕಾಕಾ. ಮೀನಿನ ಕಿವಿರಿಗೆ ತಾಮ್ರ ವಿಷ." ಆ ತೊಟ್ಟಿಗೆ ಅವಳು ತೂಗಿ ತೂಗಿ ಹಾಕಿದ್ದನ್ನು ಈ ಪುಣ್ಯಾತ್ಮ ಈ ತೊಟ್ಟಿಗೆ ಕೊಡಗಟ್ಟಲೆ ಸುರಿದಿದ್ದ! ಸರ್‌ಗೆ ಏನು ಹೇಳುವುದೆಂದು ತಿಳಿಯದೆ ಅವಳು ಅಳುತ್ತಾ ಕುಳಿತಳು.

ನಾನು ಅವನನ್ನು ಹೊರಗೆ ಎಳೆದೆ. "ನಾಳಿ ಕಾಗದಕ್ಕ ಸಹಿ ಆಗತೈತಿ. ಅಲ್ಲೀತನಕ ಬಾಯಿ ಮುಚ್ಚಕೊಂಡಿರು."

ಕೇಳಬೇಕಲ್ಲ! ನೆಟ್ಟಗೆ ಸರ್ ಕೋಣೆಗೆ ನುಗ್ಗಿದ. "ಭರಮಪ್ಪಂದೇನೂ ತಪ್ಪಿಲ್ರಿ. ಮೂರೂ ಸಲ ಮೀನ ಕೊಂದಾಂವ ನಾನರೀ."

ಸರ್ ಪೂನಮ್‌ಗೆ ಇನ್ನೊಂದು ಅವಕಾಶ ಕೊಟ್ಟರು. ಕಾಯಂ ಕಾಗದವನ್ನು ನನ್ನ ಕಣ್ಣೆದುರೇ ಹರಿದರು. ನಾಲ್ಕನೆಯ ಸಲ ಡ್ರಮ್ಮಿನ ನೀರಲ್ಲಿ ಹತ್ತಕ್ಕೆ ಹತ್ತು ಮರಿ ಬದುಕಿದವು. ವಯಸ್ಸಾದ ಮೇಲೆ ದುರ್ಗಪ್ಪ ಹಂಗಾಮಿಯಾಗಿಯೇ, ಪಿಂಚಣಿಯಿಲ್ಲದೆ ಮನೆಗೆ ಹೋದ.

"ಒಂದ ದಿನ ತಡದಿದ್ರ ಏನಾಗ್ತಿತ್ತೋ ಹುಚ್ಚಪ್ಪಾ?" ಎಂದು ಅವನು ಹೊರಡುವ ದಿನ ಬೈದೆ.

"ಅವತ್ತ ಸಂಜೀಕ ಭರಮಪ್ಪ ಬರಾಂವ ಇದ್ದ. ರೋಗದ ಮೀನ ಕೊಟ್ಟಿ, ತಿರುಗಿ ನಡಿ ಅಂತ ಬಾಗಲದಾಗ ನಿಂತ ಅವಂಗ ಹೇಳಾಂವ ಯಾರು? ಜವಾನ ನಾನ ಅಲ್ಲೇನು?"