ಅಕ್ಕನ ಮನೆಗೆ ಹಾಕಿದ ಒಂದಿಂಚಿನ ಪೈಪ್

ನನ್ನ ಕೆಲಸದ ತಪ್ಪು ಗೊತ್ತಾದ ಮೇಲೂ ಎರಡು ವರ್ಷ ಅದನ್ನು ಅಕ್ಕನಿಗೆ ಹೇಳಲಿಲ್ಲ. ಓದಿದ್ದು ಏಳನೇ ಕ್ಲಾಸು. ವಿಜಯನಗರ, ಬಸವೇಶ್ವರನಗರದ ಮನೆಗಳಲ್ಲಿ ಮೂವತ್ತು ವರ್ಷ ಪ್ಲಂಬಿಂಗ್ ಮಾಡಿದವನು ನಾನು.

ಹನ್ನೆರಡು ವರ್ಷದ ಹಿಂದೆ ಅಕ್ಕ ಗೌರಮ್ಮ ಕುರುಬರಹಳ್ಳಿಯಲ್ಲಿ ಮನೆ ಕಟ್ಟಿಸಿ, ತಾರಸಿಗೆ ಸೋಲಾರ್ ಹಾಕಿಸಿದಳು. ಗೋಡೆಯೊಳಗೆ ಬಿಸಿನೀರಿನ ಪೈಪ್ ಎಳೆದವನು ನಾನೇ. ಬೇರೆಯವರಿಗೆ ಅರ್ಧ ಇಂಚು, ಮುಕ್ಕಾಲು ಇಂಚಿನದು ಹಾಕುತ್ತಿದ್ದೆ. ನಮ್ಮಕ್ಕನ ಮನೆಯಲ್ಲಿ ನೀರು ಧಾರಾಳವಾಗಿ ಬರಲಿ ಎಂದು ಒಂದಿಂಚಿನದೇ ಹಾಕಿದೆ. ತಾರಸಿಯಿಂದ ಎರಡು ಬಚ್ಚಲು ಸುತ್ತಿ ಕೆಳಗಿನ ಅಡುಗೆಮನೆ ಸೇರುವಷ್ಟರಲ್ಲಿ ಅದು ಎಂಬತ್ತಡಿಯಾಯಿತು.

ಬೆಳಿಗ್ಗೆ ಅಡುಗೆಮನೆ ನಲ್ಲಿ ತಿರುಗಿಸಿದರೆ ಒಂದು ಬಕೆಟ್ ತಣ್ಣೀರು ಹೋದ ಮೇಲೆ ಬಿಸಿನೀರು. ಅಕ್ಕ ಕೇಳಿದಾಗ, “ಸೋಲಾರ್ ಅಂದ್ರೆ ಹಂಗೇ ಕಣಕ್ಕ, ಸ್ವಲ್ಪ ಕಾಯ್ಬೇಕು” ಎಂದಿದ್ದೆ. ಆಗ ನಾನೂ ಹಾಗೆಂದೇ ತಿಳಿದಿದ್ದೆ.

ಮೂರು ವರ್ಷದ ಹಿಂದೆ ಬಸವೇಶ್ವರನಗರದ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲೂ ಇದೇ ದೂರು. ಅವರು ಒಂದೇ ಉದ್ದದ, ಒಂದಿಂಚಿನದೊಂದು, ಅರ್ಧ ಇಂಚಿನದೊಂದು ಪೈಪ್ ತುಂಡಿಗೆ ನೀರು ತುಂಬಿಸಿ ಲೋಟಗಳಿಗೆ ಸುರಿದು ತೋರಿಸಿದರು.

“ನೋಡಪ್ಪ, ದಪ್ಪ ಪೈಪಲ್ಲಿ ಮೂರ್ನಾಲ್ಕು ಪಟ್ಟು ತಣ್ಣೀರು ನಿಂತಿರುತ್ತೆ. ಅದು ಖಾಲಿಯಾಗೋ ತನಕ ಬಿಸಿನೀರು ಹೆಂಗೆ ಬರುತ್ತೆ?”

ಅವರ ಮನೆಗೆ ಸಣ್ಣ ಪೈಪ್ ಹಾಕಿ ಬಂದೆ. ಅಕ್ಕನ ಮನೆಯಲ್ಲಿ ಗೋಡೆ ಒಡೆಯಬೇಕು ಎಂದು ಭಾವನ ಎದುರು ಹೇಳಲು ಮಾತ್ರ ನಾಲಗೆ ಏಳಲಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹೋದಾಗ ಅಕ್ಕ ತಣ್ಣೀರಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಬೆರಳ ಗೆಣ್ಣುಗಳು ಊದಿ ಕೆಂಪಾಗಿದ್ದವು.

“ಬಿಸಿನೀರು ಬಿಟ್ಕೊಳ್ಳೋದಲ್ವಾ?”

“ಇರೋ ಬಕೆಟ್ಟೆಲ್ಲ ತುಂಬೋಯ್ತು ಕಣೋ. ಇನ್ನೂ ಬಿಟ್ರೆ ಒಳ್ಳೆ ನೀರು ಮೋರಿಪಾಲು.”

ಕರಿಬೇವಿಗೆ ಬಂದಿದ್ದ ಪಕ್ಕದ ಮನೆ ಸರೋಜಮ್ಮ ನಕ್ಕರು. “ತಮ್ಮ ಪ್ಲಂಬರ್ರು, ಅಕ್ಕಂಗೆ ತಣ್ಣೀರು!”

ಅಕ್ಕ ಸುಮ್ಮನಿರಲಿಲ್ಲ. “ನಮ್ ನಾಗ ಹಾಕಿರೋದು ಒಂದಿಂಚಿನ ಪೈಪು ಕಣೇ! ಈ ಬೀದೀಲಿ ಇನ್ಯಾರ ಮನೇಲಿದೆ ತೋರ್ಸು ನೋಡಣ!”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನವೇ ತಾರಸಿಯಿಂದ ಹೊರಗೋಡೆಯ ಮೇಲೆ ಅರ್ಧ ಇಂಚಿನ ಬೇರೆ ಪೈಪನ್ನು ನೇರ ಅಡುಗೆಮನೆಗೆ ಇಳಿಸಿದೆ. ಮೂವತ್ತೇ ಅಡಿ. ಬಿಸಿ ಆರದಂತೆ ಸ್ಪಂಜಿನಂಥ ಕಪ್ಪು ಹೊದಿಕೆ ತೊಡಿಸಿದೆ. ನಾನು ಹೆದರಿದ್ದ ಗೋಡೆಗೆ ಒಂದು ತೂತು ಸಾಕಾಯಿತು. ಒಂದು ದಿನದ ಕೆಲಸಕ್ಕೆ ಎರಡು ಚಳಿಗಾಲ ಕಳೆದಿದ್ದೆ.

ನಲ್ಲಿ ತಿರುಗಿಸಿದೆ. ಎರಡು ಚೊಂಬು ತುಂಬುವಷ್ಟರಲ್ಲಿ ಹಬೆ ಬಂತು.

“ಬಂದೇಬಿಡ್ತಲ್ಲೋ!” ಅಕ್ಕ ಎರಡೂ ಕೈ ಒಡ್ಡಿ ನಿಂತಳು. “ಇಷ್ಟ್ ಸಣ್ಣ ಪೈಪಲ್ಲಿ ಅದೆಂಗೋ?”

ಆಗಲೂ ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಪೈಪ್ ಬದಲಿಸಿದರೆ ಅರ್ಧ ರಿಪೇರಿ, ಬಾಯಿಬಿಟ್ಟು ಹೇಳಿದರೆ ಮಾತ್ರ ಪೂರ್ತಿ. ಮೂವತ್ತು ವರ್ಷದ ಕೆಲಸ ಕಲಿಸದ ಅದನ್ನು ನನಗೆ ಅಕ್ಕನ ಅಡುಗೆಮನೆ ಕಲಿಸಿತು.

“ಅವತ್ತು ದಪ್ಪ ಪೈಪ್ ಹಾಕಿದ್ದೇ ತಪ್ಪು ಅಕ್ಕ. ಎರಡು ವರ್ಷದಿಂದ ಗೊತ್ತಿತ್ತು, ಹೇಳ್ಲಿಲ್ಲ. ನಿನ್ ಕೈ ನೋಯ್ಸಿದೋನು ನಾನೇ. ಕ್ಷಮಿಸ್ಬಿಡಕ್ಕ.”